ಕಾಗದ ನೋಡದೆ ಬಿಡಿಸಿದ ಮುಖ

ಜೂನ್ ೧೨, ಗುರುವಾರ

ನಮ್ಮ ಕಂಪನಿಯ ಶಾಖೆಗಳಿಗಾಗಿ ನಾನು ನಡೆಸುವ ಆನ್‌ಲೈನ್ ಕೂಟದಲ್ಲಿ ನಾನು, ಮ್ಯಾನೇಜರು ಬಿಟ್ಟು ಉಳಿದವರೆಲ್ಲ ಕ್ಯಾಮೆರಾ ಆರಿಸಿ ಕೂರುತ್ತಾರೆ. ಗೋಡೆಯ ಜೊತೆ ಮಾತಾಡಿದ ಹಾಗೆ. ಇವತ್ತೂ ಹಾಗೇ ಆದರೆ ಕೂಟವನ್ನೇ ನಿಲ್ಲಿಸುವುದಾಗಿ ಮ್ಯಾನೇಜರು ಹೇಳಿದ್ದರು.

ಅದಕ್ಕೇ ಚಿತ್ರಕಲೆ ಕಲಿಸುವ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಹಿಂದೆಮುಂದೆ ನೋಡದೆ, "ಎಲ್ರೂ ಪೆನ್ ತಗೊಳ್ಳಿ. ಕಾಗದ ನೋಡ್ದೆ ನಿಮ್ಮ ಮ್ಯಾನೇಜರ್ ಮುಖ ಬಿಡಿಸಿ" ಅಂದುಬಿಟ್ಟರು. ನಾನು ಪರದೆಯಲ್ಲಿ ಮ್ಯಾನೇಜರ ಮುಖದತ್ತ ಕಳ್ಳನೋಟ ಬೀರಿದೆ.

ಮೊದಲು ಕ್ಯಾಮೆರಾ ತೆರೆದು ಚಿತ್ರ ತೋರಿಸಿದವರು ಲೆಕ್ಕಪತ್ರ ವಿಭಾಗದ ಹಿರಿಯರು.

"ಇದೇನ್ರೀ, ಕುಂಬಳಕಾಯಿಗೆ ಕನ್ನಡಕ ಹಾಕಿದ್ದೀರಾ?" ಮ್ಯಾನೇಜರು ಕೇಳಿದರು.

"ನೀವೇ ಸರ್."

ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಅವರೇ ಬಿದ್ದು ಬಿದ್ದು ನಕ್ಕರು. ಕಪ್ಪು ಚೌಕಗಳು ಒಂದೊಂದಾಗಿ ಬೆಳಗಿದವು. ಪರದೆಯ ತುಂಬ ಮುಖಗಳು, ಸೊಟ್ಟ ಮೂಗಿನ ಚಿತ್ರಗಳು. "ಮುಂದಿನ ಸಲಾನೂ ನಿಮ್ಮ ಅತ್ತಿಗೇನ ಕರೀರಿ" ಎಂದರು ಮ್ಯಾನೇಜರು. ಬದುಕಿದೆ!

ಕೊನೆಗೆ, ಇದುವರೆಗೆ ಮುಖವನ್ನೇ ತೋರಿಸದಿದ್ದ ಗೋದಾಮಿನ ಮೇಲ್ವಿಚಾರಕಿ ಕಾಗದ ಎತ್ತಿ ಹಿಡಿದರು. "ಸರ್‌ನ ಬಿಡಿಸೋಕೆ ಧೈರ್ಯ ಬರ್ಲಿಲ್ಲ. ನಿಮ್ಮನ್ನ ಬಿಡಿಸ್ದೆ ಮೇಡಂ."

ಒಂದು ಕಣ್ಣು ಹಣೆಗೇರಿತ್ತು, ಕಿವಿ ಕೆನ್ನೆಗಿಳಿದಿತ್ತು. ಆದರೆ ಬಾಯಿ ತುಂಬ ನಗು. ನಾನು ಹಾಗೆ ನಗುತ್ತೇನೆಂದು ನನಗೇ ಗೊತ್ತಿರಲಿಲ್ಲ.