ಟೆನಿಸ್ ನೋಡಲು ಪರವಾನಗಿ

ಈಸ್ಟ್ ಬ್ರನ್ಸ್‌ವಿಕ್, ಅಮೆರಿಕ, ಜುಲೈ ೨೦೦೮

ಲಂಡನ್ನಿನ ಮನೆಯಲ್ಲಿರುವ ನನ್ನ ಮಡದಿಗೆ ಸಲಾಮು.

ಇಲ್ಲಿ ನನ್ನ ತಮ್ಮ ಕಾಮ್ರಾನನನ್ನು ಅವನ ಬ್ಯಾಂಕು ಕೆಲಸದಿಂದ ತೆಗೆದಿದೆ. ಆದರೂ ಅವನ ಅದೃಷ್ಟ ಕೆಟ್ಟಿಲ್ಲ. ನಮ್ಮ ಲಂಡನ್ನಿನಲ್ಲೇ ನಡೆಯುವ ಟೆನಿಸ್ ಪಂದ್ಯವನ್ನು ಇಲ್ಲಿನ ಬೆಳಗಿನ ಉಪಾಹಾರದೊಡನೆ ನೇರಪ್ರಸಾರದಲ್ಲಿ ನೋಡುತ್ತಾನೆ. ಛಾವಣಿಯ ಮೇಲೊಂದು ಆಂಟೆನಾ ಇದ್ದರಾಯಿತು, ಯಾರಿಗೂ ಬಿಡಿಗಾಸು ಕಟ್ಟಬೇಕಿಲ್ಲ. ಟಿವಿ ನೋಡಲು ನಾವು ವರ್ಷವರ್ಷವೂ ಹಣ ಕಟ್ಟಿ ಪಡೆಯುವ ಪರವಾನಗಿಯ ಮಾತೆತ್ತಿದರೆ ನಕ್ಕುಬಿಟ್ಟ: “ಟಿವಿ ನೋಡೋಕೂ ಲೈಸೆನ್ಸಾ, ಭಾಯ್‌ಜಾನ್? ಇಲ್ಲಿ ನಾಯಿಗ್ ಬೇಕು, ಟಿವಿಗ್ ಬೇಡ!” ನನ್ನ ಮಂಡಿನೋವು ತಗ್ಗಿದೆ, ಹೊಟ್ಟೆಯುರಿ ತಗ್ಗಿಲ್ಲ.

ಈ ವರ್ಷ ಪರವಾನಗಿಯನ್ನು ಬಿಟ್ಟು ಗಣಕಯಂತ್ರದಲ್ಲೇ ನೋಡೋಣವೆಂದು ನೀನು ಕೇಳಿದ್ದೆ. ನಿಯಮ ಹೀಗಿದೆ: ಪ್ರಸಾರವಾಗುತ್ತಿರುವಾಗಲೇ ನೋಡುವುದಾದರೆ ಗಣಕಯಂತ್ರಕ್ಕೂ ಪರವಾನಗಿ ಬೇಕು, ಪ್ರಸಾರ ಮುಗಿದ ಬಳಿಕ ಅಂತರಜಾಲದಲ್ಲಿ ನೋಡಿದರೆ ಬೇಡ. ಮಿತವ್ಯಯದ ಈ ಕಾಲದಲ್ಲಿ ನಾನೂ ಒಪ್ಪುತ್ತಿದ್ದೆ. ಆದರೆ ನಾವು ನೋಡುವ ಮೊದಲೇ ಕಾಮ್ರಾನ್ ದೂರವಾಣಿ ಮಾಡಿ ಗೆದ್ದವರ ಹೆಸರನ್ನು ಹೇಳಿಬಿಡುತ್ತಾನೆ. ಆ ಸುಖ ಅವನಿಗೆ ಸಿಗಕೂಡದು.

ಅಂಚೆಯ ವಾಹನ ಬಂದಿತು. ಈ ಕಾರ್ಡು ಕೈಸೇರಿದೊಡನೆ ಪರವಾನಗಿಯ ಹಣ ಕಟ್ಟಿಬಿಡು.

ನಿನ್ನ
ಇನಾಯತ್ ಉಲ್ಲಾ