ಆಷಾಢಕ್ಕೆ ಬರುತ್ತೇನೆ

ಲಂಡನ್
2 ಜೂನ್ 2025

ನನ್ನ ಮುದ್ದು ಅಮ್ಮನಿಗೆ,

ನಿನ್ನ ಪೂಜಾಳ ಶರಣು, ಜೊತೆಗೆ ರಾಶಿ ಮುತ್ತು! ಫೋನು ಬಿಟ್ಟು ಕಾಗದ ಯಾಕೆ ಅಂತ ಗಾಬರಿಯಾಗಬೇಡ. ಬಿಳಿಕೆರೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಓದು.

"ಅಳಿಯಂದ್ರು ಆಚೆ ಗೀಚೆ ಕರ್ಕೊಂಡೋಯ್ತಾರೇನವ್ವ?" ಅಂತ ಯಾವಾಗಲೂ ಕೇಳುತ್ತೀಯಲ್ಲ, ಕರೆದುಕೊಂಡು ಹೋದರು ಅಮ್ಮ! ಈ ಊರಲ್ಲಿ ದಕ್ಷಿಣ ಅಮೆರಿಕದವರ ಹೋಟೆಲುಗಳು ಎಷ್ಟೊಂದಿವೆ ಗೊತ್ತಾ? ಪೆರು ದೇಶದವರ ಹತ್ತಿರ ನೇರಳೆ ಬಣ್ಣದ ಮುಸುಕಿನ ಜೋಳದ ಪಾನಕ, ಸೂಪರ್! ಬ್ರೆಜಿಲ್‌ನವರದು ಮರಗೆಣಸಿನ ಹಿಟ್ಟಿನ ಚೀಸ್ ಉಂಡೆ. ಅರ್ಜೆಂಟೀನಾದವರ ಬಾಗಿಲಲ್ಲೇ ಮಾಂಸ ಸುಡುವ ಹೊಗೆ. ನಾನು ಮೂಗು ಮುಚ್ಚಿಕೊಂಡು ಓಡಿದ್ದಕ್ಕೆ ಇವರು ಬಿದ್ದು ಬಿದ್ದು ನಕ್ಕರು.

ಎಲ್ಲಿ ಹೋದರೂ ಮಾಣಿಗಳು "ಪ್ರಸಾದ್, ಪ್ರಸಾದ್" ಅಂತ ತಬ್ಬಿಕೊಳ್ಳುತ್ತಿದ್ದರು. ನಮ್ಮೆಜಮಾನರು ಎಷ್ಟು ಫೇಮಸ್ಸು ಅಂತ ನಾನು ಉಬ್ಬಿಹೋದೆ.

ಕೊಲಂಬಿಯಾದವರ ಹೋಟೆಲಿನಲ್ಲಿ ಮುಸುಕಿನ ಜೋಳದ ದಪ್ಪ ರೊಟ್ಟಿ, ಥೇಟ್ ನಿನ್ನ ಅಕ್ಕಿರೊಟ್ಟಿಯ ಮಂದ. ಅಲ್ಲಿನ ಯಜಮಾನಿ ಮುದುಕಿ ನನ್ನ ಕೊರಳಿನ ತಾಳಿ ನೋಡಿ, ಅವರ ಭಾಷೆಯಲ್ಲಿ ಇವರನ್ನು ಏನೋ ಕೇಳಿದಳು. ಮರಿಯಾನಾ ಅನ್ನುವ ಹೆಸರು ಮಾತ್ರ ನನಗೆ ತಿಳಿಯಿತು. ಏನಂತೆ ಅಂದೆ. "ಏನಿಲ್ಲ ಕಣೆ, ಖಾರ ಆಯ್ತಾ ಅಂತ ಕೇಳ್ತಾವ್ರೆ" ಅಂದವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ರೊಟ್ಟಿಯಲ್ಲಿ ಖಾರವೇ ಇರಲಿಲ್ಲ ಅಮ್ಮ.

ಮನೆಗೆ ನಡೆಯುವಾಗ ಇವರು ಅತ್ತುಬಿಟ್ಟರು. "ನಿಂಗೆ ತೋರ್ಸಕ್ಕೆ ನಂಗೆ ಬೇರೆ ಜಾಗಾನೇ ಗೊತ್ತಿಲ್ಲ ಪೂಜಾ. ಎಲ್ಲಾನೂ ಮರಿಯಾನಾನೇ ತೋರ್ಸಿದ್ದು" ಅಂದರು. ಹುಣಸೂರಿನಲ್ಲಿ ಅತ್ತೆ ಅನ್ನ ನೀರು ಬಿಟ್ಟು ಮಲಗಿದ್ದಕ್ಕೆ ನನಗೆ ತಾಳಿ ಕಟ್ಟಿದರಂತೆ.

ಇರಲಿ. ಈಗಲೂ ಆ ಮುದುಕಿಯ ಹೋಟೆಲಿಗೆ ಹೋಗುತ್ತೇನೆ. ಮರೆತು ಎರಡು ತಟ್ಟೆ ತರುತ್ತಾಳೆ, ಒಂದನ್ನು ಮತ್ತೆ ಒಳಗೆ ಒಯ್ಯುತ್ತಾಳೆ. ನನ್ನ ರೊಟ್ಟಿಗೆ ಮಾತ್ರ ಬೆಣ್ಣೆ ಜಾಸ್ತಿ.

ಅಪ್ಪ ಮೊನ್ನೆ ಫೋನಿನಲ್ಲಿ, "ಮೊದಲ್ನೇ ಆಸಾಡುಕ್ಕೆ ಮಗಳು ತವರ್ಗೆ ಬರ್ದೆ ಇನ್ನೆಲ್ಲಿಗ್ ಓದಾಳು?" ಅಂತ ಸಂಭ್ರಮಪಟ್ಟರು. ಬರುತ್ತೇನೆ ಅಂತ ಹೇಳು. ಹೊಸ ಹೆಣ್ಣು ಆಷಾಢದಲ್ಲಿ ಗಂಡನನ್ನು ಬಿಟ್ಟು ಬಂದರೆ ಬಿಳಿಕೆರೆಯಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ, ಅಲ್ಲವಾ?

ನಿನ್ನ ಮಡಿಲಿಗೆ ಕಾಯುತ್ತಿರುವ,
ಪೂಜಾ

ಮರೆತಿದ್ದೆ: ಶ್ರಾವಣಕ್ಕೆ ಅಳಿಯನಿಗೆ ಅಂತ ಅಪ್ಪ ಪಂಚೆ ಶಲ್ಯ ತರುವುದು ಬೇಡ. ನನ್ನನ್ನು ಕರೆದೊಯ್ಯಲು ಯಾರೂ ಬರುವುದಿಲ್ಲ. ಅವರು ಮರಿಯಾನಾ ಮನೆಗೆ ಹೋಗಿಬಿಟ್ಟರು. ಈಗಲೇ ಅಪ್ಪನಿಗೆ ಹೇಳಬೇಡ ಅಮ್ಮ. ಆಷಾಢ ಮುಗಿಯುವವರೆಗಾದರೂ ನಾನು ಹೊಸ ಮದುವಣಗಿತ್ತಿಯಾಗಿರುತ್ತೇನೆ.