ಅರಗು ಹಚ್ಚಿದ ರಾಟೆ

ಚನ್ನಪಟ್ಟಣ
ಮಾರ್ಚ್ ೨೦೦೬

ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಕಬ್ಬಿಣವನ್ನೇ ಕುಣಿಸುವ ನಾಗರಾಜು ಭಾವನವರಿಗೆ ನಮಸ್ಕಾರ.

ನಮ್ಮ ಹಳೆಯ ಹಾಯಿದೋಣಿಯ ಕಂಬದ ತುದಿಯಲ್ಲಿ ಹಗ್ಗ ಓಡುವ ರಾಟೆ ಸವೆದಿತ್ತು. ನಿಮ್ಮನ್ನು ಕೇಳೋಣವೆಂದು ನಿಮ್ಮ ತಂಗಿ ಶ್ವೇತ ಹೇಳಿದಳು. ಗೊಂಬೆ ಕಡೆಯುವ ಲೇತು ಮನೆಯಲ್ಲೇ ಇರುವಾಗ ಭಾವನವರಿಗೇಕೆ ತೊಂದರೆ ಎಂದು ನಾನೇ ಹಾಲೆಮರದಲ್ಲಿ ಒಂದು ಕಡೆದೆ. ಗೊಂಬೆ ಮಾಡುವ ಕೈ ತನ್ನ ಅಭ್ಯಾಸ ಬಿಡಬೇಕಲ್ಲ! ಹಗ್ಗ ಕೂರುವ ಹಳ್ಳಕ್ಕೂ ಕೆಂಪು ಅರಗು ಹಚ್ಚಿ ಹೊಳಪು ಬರಿಸಿದೆ.

ಕಣ್ವ ಜಲಾಶಯದ ನಡುವೆ, ಬಿಸಿಲಿಗೂ ಹಗ್ಗದ ಉಜ್ಜಾಟಕ್ಕೂ ಅರಗು ಮೆತ್ತಗಾಗಿ ಹಗ್ಗವನ್ನು ಅಪ್ಪಿಕೊಂಡಿತು. ಎಷ್ಟೆಳೆದರೂ ಹಾಯಿ ಇಳಿಯಲಿಲ್ಲ. ಗಾಳಿಯು ನಮ್ಮಿಬ್ಬರನ್ನೂ ಆಚೆ ದಡದ ಮುಳ್ಳುಪೊದೆಗೆ ಸಕಲ ಮರ್ಯಾದೆಯೊಂದಿಗೆ ತಲುಪಿಸಿತು.

"ಇದೇನ್ ದೋಣಿಯೋ, ಬುಗುರಿಯೋ? ನಮ್ಮಣ್ಣ ರಾಟೆ ಮಾಡ್ಕೊಡೋಗಂಟ ನಾನು ಇದನ್ನ ಹತ್ತಾಕಿಲ್ಲ, ನಿಮ್ಮತ್ರ ಮಾತೂ ಆಡಾಕಿಲ್ಲ" ಅಂದಳು ಶ್ವೇತ. ಅಂದಿನಿಂದ ಮನೆ ಬಹಳ ಪ್ರಶಾಂತವಾಗಿದೆ. ಇಷ್ಟು ಶಾಂತಿ ನನಗೆ ಒಗ್ಗುತ್ತಿಲ್ಲ.

ಹಳೆಯ ರಾಟೆಯನ್ನು ಅಳತೆಗೆ ಕಳಿಸಿದ್ದೇನೆ. ಹಿತ್ತಾಳೆಯಲ್ಲಿ ಒಂದು ಮಾಡಿಕೊಂಡು ಭಾನುವಾರ ನೀವೇ ಬನ್ನಿ. ಬಣ್ಣ ಮಾತ್ರ ಬೇಡ.

ಅವತ್ತು ಊಟಕ್ಕೆ ಎರಡೇ ತಟ್ಟೆ, ಒಂದು ಅಣ್ಣನಿಗೆ, ಒಂದು ತನಗೆ ಎಂದು ಅವಳು ಗೋಡೆಗೆ ಹೇಳುತ್ತಿದ್ದಳು. ಮೂರನೆಯ ತಟ್ಟೆ ನಿಮ್ಮ ಕೈಯಲ್ಲಿದೆ.

ದಾರಿ ಕಾಯುತ್ತಿರುವ,
ಅನಂತರಾಜು